ಟೇಲರ್ ಕ್ರೀಕ್‌ನ ಕೆಂಪು ಮೀನು, ಮೀನಿಗಾಗಿ ಬರುವ ಕರಡಿ: ನೋಡಲು ಹೋಗುವವರಿಗೆ

ಕರಡಿ ನೋಡುವ ಆಸೆಯಿಂದ ಅಮೆರಿಕದ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಲೇಕ್ ಟಾಹೋ ಸರೋವರಕ್ಕೆ ಹೋದವರು ಸಾಮಾನ್ಯವಾಗಿ ಕಾಡಿನ ಕಡೆಗೇ ಕಣ್ಣು ನೆಟ್ಟು ನಡೆಯುತ್ತಾರೆ. ಅಕ್ಟೋಬರ್‌ನಲ್ಲಿ ಹೋದರೆ ಹಾಗೆ ಮಾಡಬೇಡಿ. ನೀರು ನೋಡಿ. ಆ ತಿಂಗಳು ಕರಡಿಗೆ ಇರುವುದು ಒಂದೇ ಚಿಂತೆ, ಹೊಟ್ಟೆ. ಮೀನು ಎಲ್ಲಿ ಗುಂಪುಗೂಡಿದೆಯೋ ಅಲ್ಲಿಗೆ ಅದು ತಾನಾಗಿ ಬರುತ್ತದೆ. ಮೀನು ನೋಡಲು ಬಂದವರಿಗೆ ಕರಡಿ ಕಂಡರೆ ಅದು ಲಾಭ. ಕರಡಿಗಾಗಿಯೇ ಬಂದವರು ಎಷ್ಟೋ ಸಲ ಎರಡನ್ನೂ ನೋಡದೆ ವಾಪಸ್ ಹೋಗುತ್ತಾರೆ.

ನಾನು ಹೇಳುತ್ತಿರುವುದು ಟಾಹೋದ ದಕ್ಷಿಣ ದಡದಲ್ಲಿರುವ ಟೇಲರ್ ಕ್ರೀಕ್ ಎಂಬ ಪುಟ್ಟ ಹಳ್ಳದ ಬಗ್ಗೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಇದು ವಾರಾಂತ್ಯದಲ್ಲಿ ಹೋಗಿ ಬರಬಹುದಾದ ಜಾಗ. ಟ್ರಾಫಿಕ್ ಕೃಪೆ ಇದ್ದರೆ ನಾಲ್ಕು ಗಂಟೆ ದಾರಿ. ಇಲ್ಲಿನ ರೇನ್‌ಬೋ ಟ್ರೇಲ್ ಸುಮಾರು ಅರ್ಧ ಮೈಲಿಯ ಸುತ್ತು. ಸಪಾಟಾದ ದಾರಿ, ಸ್ಟ್ರೋಲರ್, ವೀಲ್‌ಚೇರ್ ಎರಡೂ ಹೋಗುತ್ತವೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಮಂಡಿ ನೋವು ಅಂತ ಎಲ್ಲ ಹೈಕಿಂಗ್ ಬಿಟ್ಟು ಮನೆಯಲ್ಲೇ ಕೂತಿದ್ದೀರಾ? ಈ ದಾರಿಯಲ್ಲಿ ಅವರೂ ಆರಾಮಾಗಿ ನಡೆಯಬಹುದು.

ಮೊದಲು ಮೀನಿನ ಪರಿಚಯ

ಇಲ್ಲಿ ಕಾಣುವ ಮೀನಿನ ಹೆಸರು ಕೊಕನಿ ಸಾಲ್ಮನ್. ಸಮುದ್ರದಲ್ಲಿ ಬೆಳೆದು ನದಿಗೆ ಮರಳುವ ಸಾಕೈ ಸಾಲ್ಮನ್‌ನ ಜಾತಿಯೇ ಇದು. ಆದರೆ ಕೊಕನಿ ಸಮುದ್ರ ಕಾಣದೆ ಸರೋವರದಲ್ಲೇ ಬೆಳೆಯುತ್ತದೆ. ಹಾಗಾಗಿ ಗಾತ್ರ ಚಿಕ್ಕದು, ಒಂದು ಅಡಿ ಆಸುಪಾಸು. ಟಿವಿಯಲ್ಲಿ ಜಲಪಾತ ಹಾರುವ ದೊಡ್ಡ ಸಾಲ್ಮನ್ ನೋಡಿ ಬಂದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಮೂರು ನಾಲ್ಕು ವರ್ಷ ಇದು ಬೆಳ್ಳಿ ಬಣ್ಣದ ಸಾಧಾರಣ ಮೀನು. ಮೊಟ್ಟೆ ಇಡುವ ಕಾಲ ಬಂದಾಗ ವೇಷ ಪೂರ್ತಿ ಬದಲಾಗುತ್ತದೆ. ಮೈ ಕಡುಗೆಂಪು, ತಲೆ ಹಸಿರು. ಗಂಡಿಗೆ ಬೆನ್ನ ಮೇಲೆ ಗೂನು ಏಳುತ್ತದೆ, ಮೂತಿ ಕೊಕ್ಕೆಯ ಹಾಗೆ ಬಾಗುತ್ತದೆ. ಈ ಕೆಂಪು ಬಣ್ಣ ಹೊರಗಿಂದ ಬಂದದ್ದಲ್ಲ. ಅಲ್ಲಿಯವರೆಗೆ ಮಾಂಸದಲ್ಲಿದ್ದ ಬಣ್ಣವೇ ಚರ್ಮಕ್ಕೆ ಸರಿಯುತ್ತದೆ, ಒಳಗಿನ ಮಾಂಸ ಬಿಳಿಚಿಕೊಳ್ಳುತ್ತದೆ. ಆ ಹೊತ್ತಿಗೆ ಮೀನು ಊಟವನ್ನೂ ಬಿಟ್ಟಿರುತ್ತದೆ. ಹುಟ್ಟಿದ ಹಳ್ಳದ ವಾಸನೆ ಹಿಡಿದು ಸರೋವರದಿಂದ ಮೇಲೆ ಬರುತ್ತದೆ, ಮೊಟ್ಟೆ ಇಡುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಣ್ಣೂ ಅಷ್ಟೇ, ಗಂಡೂ ಅಷ್ಟೇ. ಮಕ್ಕಳು "ಯಾಕೆ ಸತ್ತೋಯ್ತು?" ಅಂತ ಕೇಳಿಯೇ ಕೇಳುತ್ತಾರೆ, ಉತ್ತರ ತಯಾರಿರಲಿ.

ಇನ್ನೊಂದು ವಿಷಯ. ಈ ಮೀನು ಟಾಹೋದ ಮೂಲ ನಿವಾಸಿ ಅಲ್ಲ. 1944ರಲ್ಲಿ ಹೊರಗಿಂದ ಇಲ್ಲಿಗೆ ಬಂದದ್ದು. ಈ ನೀರಿನ ಹಳೆಯ ಒಡೆಯ ಲಹೋಂಟನ್ ಕಟ್‌ತ್ರೋಟ್ ಟ್ರೌಟ್. ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನ ತಲೆಮಾರುಗಳಿಂದ ಹಿಡಿಯುತ್ತಿದ್ದ ಮೀನು ಅದು. ವಿಪರೀತ ಮೀನುಗಾರಿಕೆ, ಹೊರಗಿಂದ ತಂದು ಬಿಟ್ಟ ಬೇರೆ ಜಾತಿಯ ಟ್ರೌಟ್, ಹಾಳಾದ ಹಳ್ಳಗಳು ಎಲ್ಲ ಸೇರಿ 1930ರ ದಶಕ ಮುಗಿಯುವ ಹೊತ್ತಿಗೆ ಅದು ಟಾಹೋದಿಂದ ಕಣ್ಮರೆಯಾಗಿತ್ತು. 1960ರ ದಶಕದಲ್ಲಿ ಮೀನಿಗೆ ಮೇವಾಗಲಿ ಅಂತ ಮೈಸಿಸ್ ಎಂಬ ಪುಟಾಣಿ ಸೀಗಡಿಯನ್ನು ತಂದು ಬಿಟ್ಟರು. ಅದು ಕೊಕನಿಗೆ ಊಟವಾಗುವ ಬದಲು ಕೊಕನಿಯ ಊಟವನ್ನೇ ತಿಂದು ಖಾಲಿ ಮಾಡಿತು. ಮೀನಿನ ಗಾತ್ರ ಇನ್ನೂ ಇಳಿಯಿತು. "ಪ್ರಕೃತಿಯ ಅನಾದಿ ಕಾಲದ ಆಟ" ಅಂತ ಯಾರಾದರೂ ಭಾವುಕರಾಗಿ ಹೇಳಿದರೆ ಸುಮ್ನೆ ನಕ್ಕುಬಿಡಿ. ನೋಡಲು ಚೆಂದ ಇರುವುದಂತೂ ನಿಜ.

ಯಾವಾಗ ಹೋಗಬೇಕು

ಸೆಪ್ಟೆಂಬರ್ ಕೊನೆಯಲ್ಲಿ ಮೀನು ಬರಲು ಶುರು, ನವೆಂಬರ್ ಮೊದಲ ವಾರದ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ನನ್ನ ಲೆಕ್ಕದಲ್ಲಿ ಅಕ್ಟೋಬರ್‌ನ ಮಧ್ಯದ ಎರಡು ವಾರ ಸರಿಯಾದ ಕಾಲ. ಆಸ್ಪೆನ್ ಮರಗಳ ಎಲೆಯೂ ಆಗಲೇ ಹಳದಿಗೆ ತಿರುಗಿರುತ್ತದೆ. ಅಕ್ಟೋಬರ್ ಮೊದಲಲ್ಲಿ ಇಲ್ಲಿ ಮೀನಿನ ಹಬ್ಬ ಮಾಡುವ ರೂಢಿ ಇದೆ. ಮಕ್ಕಳಿಗೆ ಖುಷಿ, ಆದರೆ ಜನವೋ ಜನ. ಕರಡಿ ನೋಡುವ ಮನಸ್ಸಿದ್ದರೆ ಆ ದಿನ ಬಿಟ್ಟು ವಾರದ ನಡುವೆ ಹೋಗಿ. ಅಕ್ಟೋಬರ್ ಕೊನೆಗೆ ಸತ್ತ ಮೀನು ಜಾಸ್ತಿ. ವಾಸನೆಯೂ ಜಾಸ್ತಿ. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಅಜ್ಜಿಯನ್ನು ಆಗ ಕರೆದುಕೊಂಡು ಹೋಗಬೇಡಿ.

ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. ಈ ಹಳ್ಳ ಮೇಲಿನ ಫಾಲನ್ ಲೀಫ್ ಲೇಕ್‌ನಿಂದ ಹರಿದು ಬರುತ್ತದೆ. ಅಲ್ಲಿ ಒಂದು ಚಿಕ್ಕ ಅಣೆಕಟ್ಟು ಇದೆ. ಅಲ್ಲಿಂದ ಎಷ್ಟು ನೀರು ಬಿಡುತ್ತಾರೆ ಎನ್ನುವುದರ ಮೇಲೆ ಮೀನಿನ ದಾರಿ ನಿಂತಿದೆ. ಹಿಮ ಕಡಿಮೆ ಬಿದ್ದ ವರ್ಷ ಹಳ್ಳವೂ ಸಣ್ಣದು. ಹೊರಡುವ ಮೊದಲು ಫಾರೆಸ್ಟ್ ಸರ್ವಿಸ್‌ನ (ಅಮೆರಿಕದ ಅರಣ್ಯ ಇಲಾಖೆ) ಲೇಕ್ ಟಾಹೋ ವಿಭಾಗದ ವೆಬ್ ಪುಟ ನೋಡಿ, ಇಲ್ಲ ಫೋನ್ ಮಾಡಿ: ಮೀನು ಬಂದಿದೆಯಾ, ದಾರಿ ತೆರೆದಿದೆಯಾ, ಹಳ್ಳದ ನೀರನ್ನು ಗಾಜಿನ ಹಿಂದಿನಿಂದ ನೋಡುವ ನೆಲದಡಿಯ ಕೋಣೆ ತೆರೆದಿದೆಯಾ. ಈ ಮೂರು ಕೇಳಿದರೆ ಸಾಕು.

ದಿನದ ಯಾವ ಹೊತ್ತು? ಇಲ್ಲೇ ಒಂದು ತೊಡಕು. ಮೀನು ಚೆನ್ನಾಗಿ ಕಾಣುವುದು ಸೂರ್ಯ ನೆತ್ತಿಯ ಹತ್ತಿರ ಇರುವಾಗ, ಬೆಳಕು ನೇರವಾಗಿ ನೀರಿನ ತಳ ಮುಟ್ಟಿದಾಗ. ಕರಡಿ ಹೆಚ್ಚು ಓಡಾಡುವುದು ಬೆಳಗಿನ ಜಾವ ಮತ್ತು ಸಂಜೆ. ನಾನು ಹೇಳುವುದು ಇಷ್ಟು: ಬೆಳಿಗ್ಗೆ ಬೇಗ ಹೋಗಿ ಒಂದು ಸುತ್ತು ಹಾಕಿ, ಪಾರ್ಕಿಂಗ್ ಕೂಡ ಆಗಲೇ ಸಿಗುವುದು. ಆಮೇಲೆ ಪಕ್ಕದ ಟಾಲಕ್ ಐತಿಹಾಸಿಕ ಮನೆಗಳ ಕಡೆಯೋ ಸರೋವರದ ದಡಕ್ಕೋ ಹೋಗಿ ಬಂದು ಹನ್ನೊಂದರ ನಂತರ ಮತ್ತೊಂದು ಸುತ್ತು ಹಾಕಿ. ದಾರಿ ಚಿಕ್ಕದು, ಎರಡು ಸಲ ನಡೆದರೆ ಕಾಲೇನೂ ಸವೆಯುವುದಿಲ್ಲ.

ಹೊರಡುವ ಮುನ್ನ

ಸ್ಯಾಕ್ರಮೆಂಟೋ ದಾಟಿ ಹೈವೇ 50 ಹಿಡಿದು ಎಕೋ ಸಮಿಟ್ ಹತ್ತಿ ಇಳಿದರೆ ಸೌತ್ ಲೇಕ್ ಟಾಹೋ. ಅಲ್ಲಿ 50 ಮತ್ತು 89 ಸೇರುವ ಜಾಗವನ್ನು ಎಲ್ಲರೂ 'ವೈ' ಅನ್ನುತ್ತಾರೆ. ಅಲ್ಲಿಂದ 89ರಲ್ಲಿ ಉತ್ತರಕ್ಕೆ ಸುಮಾರು ಮೂರು ಮೈಲಿ ಹೋದರೆ ಬಲಗಡೆಗೆ ಟೇಲರ್ ಕ್ರೀಕ್ ವಿಸಿಟರ್ ಸೆಂಟರ್. ಒಂದು ಎಚ್ಚರಿಕೆ: ಅಕ್ಟೋಬರ್ ಶನಿವಾರ, ಭಾನುವಾರ ದಾರಿಯಲ್ಲಿ ಆಪಲ್ ಹಿಲ್‌ನ ಸೇಬಿನ ತೋಟಗಳಿಗೆ ಹೋಗುವವರ ಕಾರುಗಳು ಸಾಲುಗಟ್ಟಿರುತ್ತವೆ. ಸೇಬಿನ ಡೋನಟ್ ಹೋಗುವಾಗ ಬೇಡ, ಬರುವಾಗ ನೋಡಿಕೊಳ್ಳಿ.

ಜಾಗ 6,200 ಅಡಿಗಿಂತ ಎತ್ತರದಲ್ಲಿದೆ. ಅಕ್ಟೋಬರ್ ಬೆಳಿಗ್ಗೆ ಸೊನ್ನೆ ಡಿಗ್ರಿ ಆಸುಪಾಸಿಗೆ ಇಳಿಯುವುದು ಮಾಮೂಲು, ಮಧ್ಯಾಹ್ನ ಸ್ವೆಟರ್ ಬಿಚ್ಚಬೇಕು ಅನ್ನಿಸುತ್ತದೆ. ಒಂದರ ಮೇಲೊಂದು ಹಾಕಿಕೊಳ್ಳುವ ಬಟ್ಟೆ ತನ್ನಿ. ಬೈನಾಕ್ಯುಲರ್ ಇದ್ದರೆ ಮರೆಯಬೇಡಿ. ಅದಕ್ಕಿಂತ ಮುಖ್ಯ, ಪೋಲರೈಸ್ಡ್ ಕೂಲಿಂಗ್ ಗ್ಲಾಸ್. ನೀರಿನ ಮೇಲಿನ ಹೊಳಪನ್ನು ಅದು ಕತ್ತರಿಸಿ ಹಾಕುತ್ತದೆ. ಹಾಕಿ ನೋಡಿ, ತೆಗೆದು ನೋಡಿ. ಬರಿಗಣ್ಣಿಗೆ ಆಕಾಶದ ಬಿಂಬ ಮಾತ್ರ ಕಾಣುತ್ತಿದ್ದ ಕಡೆ ಮೀನಿನ ಸಾಲು ಕಾಣುತ್ತದೆ. ಮನೆಮಂದಿಗೆಲ್ಲ ಬೇಡ, ಒಂದಿದ್ದರೆ ಕೈಯಿಂದ ಕೈಗೆ ಕೊಡಬಹುದು.

ಈಗ ಊಟದ ಡಬ್ಬಿ. ಇದು ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ನಾವು ಎಲ್ಲಿಗೆ ಹೋದರೂ ಪುಳಿಯೋಗರೆ, ಮೊಸರನ್ನ, ಕೋಡುಬಳೆ ಇಲ್ಲದೆ ಹೊರಡುವುದಿಲ್ಲ, ಅಲ್ವಾ? ಟಾಹೋದ ಕರಡಿಗಳಿಗೆ ಕಾರಿನ ಬಾಗಿಲು ತೆಗೆಯುವುದು ಗೊತ್ತು. ಲಾಕ್ ಮಾಡದ ಕಾರಿನ ಹಿಡಿಕೆಗೆ ಪಂಜ ಹಾಕಿ ಎಳೆದು ಒಳಗೆ ಹೋಗುತ್ತವೆ. ಬಾಗಿಲು ಹಿಂದಿನಿಂದ ಮುಚ್ಚಿಕೊಂಡರೆ ಹೊರಗೆ ಬರಲು ಗೊತ್ತಾಗದೆ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಚಿಂದಿ. ಕರಡಿಯ ಮೂಗಿಗೆ ತಿಂಡಿ ಮಾತ್ರ ತಿಂಡಿ ಅಲ್ಲ. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಮಗುವಿನ ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರು, ಎಲ್ಲವೂ ಕರೆಯೋಲೆಯೇ. ಆದ್ದರಿಂದ ಊಟವನ್ನು ಟೇಲರ್ ಕ್ರೀಕ್‌ಗೆ ಬರುವ ಮೊದಲೇ ಊರೊಳಗೆ ಮುಗಿಸಿ. ರಾತ್ರಿ ಉಳಿಯುವುದಾದರೆ ತಿನ್ನುವ ವಸ್ತು ಒಂದೂ ಕಾರಿನಲ್ಲಿ ಬಿಡಬೇಡಿ. ಕ್ಯಾಂಪ್ ಮಾಡುವವರಿಗೆ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಅದರಲ್ಲೇ ಇಡಿ. ನಡೆಯುವಾಗ ಕೈಯಲ್ಲಿ ನೀರಿನ ಬಾಟಲಿ ಸಾಕು.

ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕರಡಿ ಕಂಡ ನಾಯಿ ಬೊಗಳುತ್ತದೆ, ಕೆರಳಿದ ಕರಡಿ ಅಟ್ಟಿಸಿಕೊಂಡು ಬಂದರೆ ನಾಯಿ ಓಡಿ ಬರುವುದು ನಿಮ್ಮ ಹತ್ತಿರಕ್ಕೇ.

ನೀರಿನಲ್ಲಿ ಮೀನು ಹುಡುಕುವುದು

ಮೊದಲ ಸೇತುವೆ ಸಿಕ್ಕ ತಕ್ಷಣ ಎಲ್ಲರೂ ಫೋನ್ ತೆಗೆಯುತ್ತಾರೆ. ನೀವು ಐದು ನಿಮಿಷ ಫೋನ್ ಜೇಬಲ್ಲೇ ಇಟ್ಟು ನಿಂತುಕೊಳ್ಳಿ. ಸೂರ್ಯ ಬೆನ್ನಿಗೆ ಇರುವ ಹಾಗೆ ನಿಲ್ಲಿ, ಆದರೆ ನಿಮ್ಮ ನೆರಳು ನೀರಿಗೆ ಬೀಳದಿರಲಿ. ನೆರಳು ಬಿದ್ದರೆ ಮೀನು ಚದುರುತ್ತದೆ.

ಕೆಂಪು ಬಣ್ಣ ಹುಡುಕಬೇಡಿ. ದೂರದಿಂದ ಅದು ಕೆಂಪಾಗಿ ಕಾಣುವುದಿಲ್ಲ, ತಳದ ಕಂದು ಕಲ್ಲಿನೊಳಗೆ ಕಲೆತುಬಿಡುತ್ತದೆ. ಅಲುಗಾಟ ಹುಡುಕಿ. ಹರಿವಿಗೆ ಎದುರಾಗಿ ಮುಖ ಮಾಡಿ, ಇದ್ದಲ್ಲೇ ಇದ್ದು ಬಾಲ ಆಡಿಸುತ್ತಿರುವ ಉದ್ದನೆಯ ನೆರಳುಗಳು ಕಾಣುತ್ತವೆ. ಒಂದು ಕಂಡರೆ ಸಾಕು, ಕಣ್ಣು ಪಳಗುತ್ತದೆ, ಆಮೇಲೆ ಅದರ ಸುತ್ತ ಹತ್ತು ಕಾಣುತ್ತವೆ. ಆಳದ ಮಡುವಿನಲ್ಲಿ ದಣಿವಾರಿಸಿಕೊಳ್ಳುವ ಗುಂಪು ಇರುತ್ತದೆ. ಮೊಟ್ಟೆ ಇಡುವ ಕೆಲಸ ನಡೆಯುವುದು ಮಾತ್ರ ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ, ಸಣ್ಣ ಜಲ್ಲಿಕಲ್ಲಿನ ಜಾಗದಲ್ಲಿ.

ಆ ಜಲ್ಲಿಯನ್ನು ಸರಿಯಾಗಿ ನೋಡಿ. ಸುತ್ತಲ ಕಲ್ಲೆಲ್ಲ ಪಾಚಿ ಹಿಡಿದು ಕಪ್ಪಾಗಿರುವಾಗ ನಡುವೆ ತಟ್ಟೆಯಗಲದ್ದೋ ಮೊರದಗಲದ್ದೋ ಒಂದು ಜಾಗ ತೊಳೆದಿಟ್ಟಂತೆ ಬೆಳ್ಳಗಿರುತ್ತದೆ. ಅದೇ ಗೂಡು. ಅದರ ಮೇಲೆ ನಿಂತ ಹೆಣ್ಣು ಮೀನಿನ ಬಾಲದ ಅಂಚು ಸವೆದು ಬಿಳಿಯಾಗಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಇಲ್ಲಿ ಹತ್ತು ನಿಮಿಷ ಕಳೆಯಿರಿ. ಇಡೀ ನಡಿಗೆಯಲ್ಲಿ ಬೇರೆಲ್ಲಿ ಅವಸರ ಮಾಡಿದರೂ ಪರವಾಗಿಲ್ಲ.

ಹೆಣ್ಣು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಬಾಲವನ್ನು ಪಟಪಟ ನಾಲ್ಕೈದು ಸಲ ತಳಕ್ಕೆ ಬಡಿಯುತ್ತದೆ. ಮರಳು, ಜಲ್ಲಿ ಎದ್ದು ಹರಿವಿನ ಜೊತೆ ಸ್ವಲ್ಪ ಕೆಳಗೆ ಹೋಗಿ ಕೂರುತ್ತದೆ. ಮತ್ತೆ ನೆಟ್ಟಗಾಗಿ ಗುಂಡಿಯ ಮೇಲೆ ನಿಂತು, ಹೊಟ್ಟೆ ತಗ್ಗಿಸಿ ಆಳ ನೋಡುತ್ತದೆ. ಪಕ್ಕದಲ್ಲಿ ಗೂನುಬೆನ್ನಿನ ಗಂಡು. ಅದಕ್ಕೆ ಒಂದು ಕ್ಷಣ ಪುರುಸೊತ್ತಿಲ್ಲ. ಹಿಂದಿನಿಂದ ನುಸುಳುವ ಬೇರೆ ಗಂಡುಗಳನ್ನು ಕಚ್ಚಿ ಓಡಿಸಿ ಮತ್ತೆ ಓಡಿ ಬಂದು ಹೆಣ್ಣಿನ ಮೈಗೆ ಮೈ ತಾಗಿಸಿ ನಡುಗುತ್ತದೆ. ಅದೃಷ್ಟ ಇದ್ದರೆ ಎರಡೂ ಒಟ್ಟಿಗೆ ಗುಂಡಿಗಿಳಿದು ಬಾಯಿ ಅಗಲ ತೆರೆಯುವುದು ಕಾಣುತ್ತದೆ. ಮೊಟ್ಟೆ ಬೀಳುವುದು ಆ ಕೆಲವು ಸೆಕೆಂಡಿನಲ್ಲಿ. ಕೂಡಲೇ ಹೆಣ್ಣು ಒಂದು ಗೇಣು ಮುಂದೆ ಹೋಗಿ ಹೊಸ ಗುಂಡಿ ತೋಡುತ್ತದೆ, ಅಲ್ಲಿಂದ ಎದ್ದ ಜಲ್ಲಿ ಹಿಂದಿನ ಮೊಟ್ಟೆಗೆ ಹೊದಿಕೆಯಾಗುತ್ತದೆ. ಒಂದೇ ಕೆಲಸದಲ್ಲಿ ಎರಡು ಕೆಲಸ. ಚಳಿಗಾಲವಿಡೀ ಮೊಟ್ಟೆ, ಆಮೇಲೆ ಮರಿ, ಆ ಕಲ್ಲಿನಡಿಯಲ್ಲೇ ಇದ್ದು, ವಸಂತದಲ್ಲಿ ಹೊರಬಿದ್ದು ಸರೋವರಕ್ಕೆ ಇಳಿಯುತ್ತವೆ.

ಇದಕ್ಕೇ ನೀರಿಗೆ ಕಾಲಿಡಬಾರದು ಅನ್ನುವುದು. ಮಕ್ಕಳು ಷೂ ಬಿಚ್ಚಿ ಇಳಿದರೆ ಒಂದೊಂದು ಹೆಜ್ಜೆಗೂ ನೂರಾರು ಮೊಟ್ಟೆ ಪುಡಿಯಾಗಬಹುದು. ಕಲ್ಲು ಎಸೆಯುವುದೂ ಬೇಡ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಬೆಳೆದವರು ನಾವು, ಕೈ ತಡೆಯುವುದು ಕಷ್ಟ. ಆದರೆ ಇಲ್ಲಿನ ಮೀನು ಊಟ ಬಿಟ್ಟಿದೆ, ನೀವು ಹಾಕಿದ್ದನ್ನು ಅದು ತಿನ್ನುವುದಿಲ್ಲ. ಹಾಕಿದ್ದರ ವಾಸನೆ ಹಿಡಿದು ಬರುವವರು ಬೇರೆ.

ಕರಡಿಯ ಸುಳಿವು

ಮೊದಲು ಗೊತ್ತಿರಲಿ, ಇಲ್ಲಿರುವುದು ಕಪ್ಪು ಕರಡಿ. ಹೆಸರಿಗೆ ಕಪ್ಪು ಅಷ್ಟೇ. ಟಾಹೋದಲ್ಲಿ ಹೆಚ್ಚಿನವು ಕಂದು, ಕೆಲವು ದಾಲ್ಚಿನ್ನಿ ಬಣ್ಣ. ಕಂದು ಕರಡಿ ಕಂಡ ಕೂಡಲೇ "ಗ್ರಿಜ್ಲಿ!" ಅಂತ ಕೂಗುವವರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ಗ್ರಿಜ್ಲಿ ಅಂದರೆ ಇದಕ್ಕಿಂತ ದೊಡ್ಡ, ಬೇರೆ ಜಾತಿಯ ಕಂದು ಕರಡಿ; ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ಅದು 1920ರ ದಶಕದಲ್ಲೇ ಮುಗಿದುಹೋಯಿತು. ಈಗ ಅದು ಉಳಿದಿರುವುದು ರಾಜ್ಯದ ಬಾವುಟದ ಮೇಲೆ ಮಾತ್ರ.

ನಮ್ಮೂರ ಕರಡಿಗೂ ಇದಕ್ಕೂ ಸ್ವಭಾವ ಬೇರೆ. ನಮ್ಮದು ಗೆದ್ದಲು, ಜೇನು, ಹಣ್ಣು ತಿನ್ನುವುದು, ಗಾಬರಿಯಾದರೆ ನೇರ ಮೇಲೆ ಬೀಳುವುದು. ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದವರಿಗೆ ನೆನಪಿರಬಹುದು, ಅಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ನಾವು ದೂರದ ವೀಕ್ಷಣಾ ಗೋಪುರದಲ್ಲಿ ಕೂತು ನೋಡುತ್ತೇವೆ. ಟೇಲರ್ ಕ್ರೀಕ್‌ನಲ್ಲಿ ಗೋಪುರವೂ ಇಲ್ಲ, ಬೆಲ್ಲವೂ ಇಲ್ಲ. ಕರಡಿಗೆ ತಿನ್ನಲು ಕೊಡುವುದು ಇಲ್ಲಿ ಕಾನೂನಿಗೇ ವಿರುದ್ಧ. ಇಲ್ಲಿ ಬೆಲ್ಲದ ಕೆಲಸ ಮಾಡುವುದು ಮೀನು. ಚಳಿಗಾಲದ ನಿದ್ದೆಗೆ ಮೊದಲು ಕರಡಿ ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುತ್ತದೆ. ಸುಲಭವಾಗಿ ಸಿಗುವ ಮೀನನ್ನು ಅದು ಯಾಕೆ ಬಿಡುತ್ತದೆ?

ಈಗ ಸುಳಿವುಗಳು. ದಡದಲ್ಲಿ ಅರ್ಧ ತಿಂದ ಮೀನು ಬಿದ್ದಿದೆಯಾ? ತಲೆಯೋ ಮೊಟ್ಟೆಯ ಭಾಗವೋ ಹೋಗಿ ಬಾಲ ಉಳಿದಿದ್ದರೆ, ಹಸಿಯಾಗಿದ್ದರೆ, ಅಲ್ಲಿಂದ ನಿಧಾನವಾಗಿ ಹಿಂದೆ ಸರಿದು ಸುತ್ತ ನೋಡಿ. ಮಣ್ಣಿನಲ್ಲಿ ಐದು ಬೆರಳಿನ, ಮನುಷ್ಯನ ಪಾದವನ್ನೇ ಅಗಲ ಮಾಡಿದಂಥ ಹೆಜ್ಜೆ ಇದ್ದರೆ ಅದು ಹಿಂಗಾಲಿನದು. ದಾರಿಯ ಮೇಲೆ ದೊಡ್ಡ ಹಿಕ್ಕೆ ಇದ್ದು ಅದರಲ್ಲಿ ಹಣ್ಣಿನ ಬೀಜ ಕಂಡರೆ ಅದೂ ಅದರದೇ. ನೀರಲ್ಲಿ ಕೂತಿದ್ದ ಬಾತುಕೋಳಿಗಳು ಒಮ್ಮೆಲೇ ಎದ್ದು ಹಾರಿದರೆ, ವಿಲ್ಲೋ ಪೊದೆ ಗಾಳಿಯಿಲ್ಲದೆ ಅಲುಗಿದರೆ, ನಡಿಗೆ ನಿಲ್ಲಿಸಿ. ಈ ಹಳ್ಳದಲ್ಲಿ ಬೀವರ್‌ಗಳು ಕಡ್ಡಿ ಒಟ್ಟಿ ಕಟ್ಟಿದ ಅಡ್ಡಗಟ್ಟೆಗಳೂ ಇವೆ. ಅದರ ಕೆಳಗಿನ ಮಡುವಿನಲ್ಲಿ ಮೀನು ತಡೆದು ನಿಲ್ಲುತ್ತದೆ, ಅಂಥ ಕಡೆ ಬೈನಾಕ್ಯುಲರ್ ಹಿಡಿದು ಸ್ವಲ್ಪ ಹೊತ್ತು ಕಾಯಬಹುದು. ಏನೂ ಕಾಣದಿದ್ದರೆ ವಿಸಿಟರ್ ಸೆಂಟರ್‌ನಲ್ಲಿ ಇರುವ ಸ್ವಯಂಸೇವಕರನ್ನು ಕೇಳಿ, ಬೆಳಿಗ್ಗೆ ಎಲ್ಲಿ ಕಂಡಿತ್ತು ಅಂತ ಅವರಿಗೆ ಗೊತ್ತಿರುತ್ತದೆ.

ಪೊದೆ ದಟ್ಟವಾಗಿರುವ ತಿರುವುಗಳಲ್ಲಿ ಮಾತಾಡುತ್ತಾ ನಡೆಯಿರಿ. ಮೌನವಾಗಿ ಹೋಗಿ ಕರಡಿಯನ್ನು ಹತ್ತಿರದಿಂದ ಬೆಚ್ಚಿಬೀಳಿಸುವುದು ಇಬ್ಬರಿಗೂ ಒಳ್ಳೆಯದಲ್ಲ.

ಕರಡಿ ಕಂಡಾಗ

ಅಂತರ ಮೊದಲು, ಫೋಟೋ ಆಮೇಲೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಯಿಂದ 100 ಗಜ ದೂರ ಇರಬೇಕೆಂಬ ನಿಯಮ ಇದೆ. ಟೇಲರ್ ಕ್ರೀಕ್‌ಗೂ ಅದನ್ನೇ ಅಳತೆ ಇಟ್ಟುಕೊಳ್ಳಿ. ದಾರಿ ಕಿರಿದು, ಕರಡಿ ತಾನೇ ಹತ್ತಿರ ಬರಬಹುದು. ಆಗ ಹಿಂದೆ ಸರಿದು ದಾರಿ ಬಿಡಬೇಕಾದವರು ನಾವು. ಮೀನು ಹಿಡಿಯುತ್ತಿದ್ದ ಕರಡಿ ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಆಗಲೇ ಹತ್ತಿರವಾಯಿತು ಅಂತ ಲೆಕ್ಕ. ಬುಸುಗುಟ್ಟಿದರೆ, ಹಲ್ಲು ಕಟಕಟಿಸಿದರೆ, ತುಂಬಾ ಹತ್ತಿರವಾಯಿತು. ಹಿಂಗಾಲಲ್ಲಿ ಎದ್ದು ನಿಂತರೆ ಮಾತ್ರ ಹೆದರಬೇಡಿ, ವಾಸನೆ ಹಿಡಿಯಲು, ಸರಿಯಾಗಿ ನೋಡಲು ಅದು ಹಾಗೆ ನಿಲ್ಲುತ್ತದೆ.

2014ರ ಅಕ್ಟೋಬರ್‌ನಲ್ಲಿ ಇದೇ ಜಾಗದಲ್ಲಿ ಜನ ಕರಡಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಳ್ಳುವುದು ಎಷ್ಟು ಹೆಚ್ಚಾಯಿತೆಂದರೆ ಫಾರೆಸ್ಟ್ ಸರ್ವಿಸ್ ಬಹಿರಂಗವಾಗಿ ಎಚ್ಚರಿಕೆ ಕೊಡಬೇಕಾಯಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತೀವಲ್ಲ, ಇಲ್ಲಿ ಕರಡಿಯ ಊಟದ ನಡುವೆ ನುಗ್ಗಿದವರು ನಾವು.

ದಾರಿಯಲ್ಲಿ ಎದುರಾಬದುರಾದರೆ ಓಡಬೇಡಿ. ಕರಡಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಮರವನ್ನೂ ಹತ್ತುತ್ತದೆ. ಮಕ್ಕಳನ್ನು ಎತ್ತಿಕೊಳ್ಳಿ, ಎಲ್ಲರೂ ಒಟ್ಟಾಗಿ ನಿಂತು ದೊಡ್ಡದಾಗಿ ಕಾಣಿಸಿಕೊಳ್ಳಿ, ಗಟ್ಟಿ ದನಿಯಲ್ಲಿ ಮಾತಾಡಿ. ಕನ್ನಡದಲ್ಲಾದರೂ ಸರಿ, ಅದಕ್ಕೆ ದನಿ ಗೊತ್ತಾದರೆ ಸಾಕು. ಮುಖ ಅದರ ಕಡೆಗೇ ಇರಲಿ, ನಿಧಾನವಾಗಿ ಹಿಂದೆ ಹೋಗಿ. ಅದು ತಪ್ಪಿಸಿಕೊಂಡು ಹೋಗಲು ಜಾಗ ಇರಲಿ. ಮರದ ಮೇಲೆ ಮರಿ ಕಂಡರೆ ತಾಯಿ ಆಸುಪಾಸಿನಲ್ಲೇ ಇದೆ ಅಂತ ತಿಳಿದು ಬಂದ ದಾರಿಯಲ್ಲೇ ವಾಪಸ್ ನಡೆಯಿರಿ. ಅಪರೂಪಕ್ಕೆ ಕಪ್ಪು ಕರಡಿ ಮೈಮೇಲೆ ಬಿದ್ದರೆ ಸತ್ತಂತೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಅದರ ಮೂಗು, ಮುಖಕ್ಕೆ ಹೊಡೆದು ಹೋರಾಡಬೇಕು. ಸತ್ತಂತೆ ಮಲಗುವ ಸಲಹೆ ಗ್ರಿಜ್ಲಿ ಇರುವ ನಾಡಿನದು. ಇದನ್ನೆಲ್ಲ ಓದಿ ಟ್ರಿಪ್ ರದ್ದು ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕಪ್ಪು ಕರಡಿ ಮನುಷ್ಯನನ್ನು ಕೊಂದ ಮೊದಲ ದಾಖಲಿತ ಪ್ರಕರಣ ನಡೆದದ್ದು 2023ರಲ್ಲಿ.

ಟಾಹೋ ದೂರ ಆದವರಿಗೆ

ಸಿಯಾಟಲ್ ಕಡೆಯವರಿಗೆ ಇಸಕ್ವಾ ಊರಿನ ಮಧ್ಯದಲ್ಲೇ ಸಾಲ್ಮನ್ ಹ್ಯಾಚರಿ (ಮೀನುಮರಿ ಮಾಡುವ ಕೇಂದ್ರ) ಇದೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಚಿನೂಕ್ ಸಾಲ್ಮನ್ ಮೀನಿಗಾಗಿ ಕಟ್ಟಿದ ಮೆಟ್ಟಿಲು ಹತ್ತುವುದನ್ನು ನೋಡಬಹುದು. ಕರಡಿಯ ಆಸೆ ಅಲ್ಲಿ ಬೇಡ. ಅಲಾಸ್ಕಾ ಕ್ರೂಸ್ ಹೋಗುವವರ ಹಡಗು ಜೂನೋದಲ್ಲಿ ನಿಂತರೆ ಮೆಂಡನ್‌ಹಾಲ್ ಹಿಮನದಿಯ ಪಕ್ಕದ ಸ್ಟೀಪ್ ಕ್ರೀಕ್ ನೋಡಿ. ಅಲ್ಲಿ ಹಳ್ಳದ ಮೇಲೆ ಮರದ ಅಟ್ಟಣಿಗೆಯ ದಾರಿ ಇದೆ, ಬೇಸಿಗೆಯ ಕೊನೆಯಲ್ಲಿ ಸಾಕೈ ಬರುತ್ತದೆ, ಕಪ್ಪು ಕರಡಿ ಅಟ್ಟಣಿಗೆಯ ಕೆಳಗೇ ಓಡಾಡುವುದುಂಟು.

ಕೆನಡಾದಲ್ಲಿರುವವರಿಗೆ ಬ್ರಿಟಿಷ್ ಕೊಲಂಬಿಯಾದ ಆಡಮ್ಸ್ ನದಿ. ಅಲ್ಲಿಗೆ ಸಮುದ್ರದಿಂದ ನೂರಾರು ಕಿಲೋಮೀಟರ್ ಈಜಿ ಸಾಕೈ ಬರುತ್ತದೆ, ನಾಲ್ಕು ವರ್ಷಕ್ಕೊಮ್ಮೆ ಭಾರಿ ಸಂಖ್ಯೆಯಲ್ಲಿ. 2010, 2014, 2018, 2022 ಅಂಥ ವರ್ಷಗಳು. ಅದೇ ಲೆಕ್ಕದಲ್ಲಿ 2026, ಆಮೇಲೆ 2030. ಆ ಅಕ್ಟೋಬರ್‌ಗಳಲ್ಲಿ ಹೋಗುವ ಯೋಚನೆ ಇದ್ದರೆ ಚೇಸ್ ಅಥವಾ ಸಾಲ್ಮನ್ ಆರ್ಮ್‌ನಲ್ಲಿ ರೂಮನ್ನು ಬೇಸಿಗೆಯಲ್ಲೇ ಬುಕ್ ಮಾಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಕ್ಯಾಮ್‌ಲೂಪ್ಸ್‌ನಲ್ಲಿ ಉಳಿದು ಬೆಳಿಗ್ಗೆ ಕಾರಿನಲ್ಲಿ ಹೋಗಬಹುದು.